ನಿಮ್ಮ ಊರಲ್ಲೊಂದು ಉಪನ್ಯಾಸ: ವಿದ್ವಾಂಸರನ್ನೂ ಕಲಾವಿದರನ್ನೂ ಜನರ ಮುಂದೆ ತರುವುದು ಹೇಗೆ?

ನಮ್ಮಲ್ಲಿ ಸಭೆಗಳಿಗೇನೂ ಬರವಿಲ್ಲ. ಯಾವ ತಾಲೂಕು ಕೇಂದ್ರಕ್ಕೆ ಹೋದರೂ ಬಸ್ ಸ್ಟ್ಯಾಂಡ್ ಎದುರಿಗೇ ಒಂದು ಫ್ಲೆಕ್ಸ್ ಕಾಣುತ್ತದೆ. ಅದರಲ್ಲಿ ಹದಿನೈದು ಮುಖ. ಉಪನ್ಯಾಸ ಮಾಡುವವರ ಮುಖ ಮಾತ್ರ ಎಲ್ಲಕ್ಕಿಂತ ಚಿಕ್ಕದು, ಕೆಳಗಿನ ಮೂಲೆಯಲ್ಲಿ. ಅವರ ಕೈಗೆ ಮೈಕು ಬರುವ ಹೊತ್ತಿಗೆ ರಾತ್ರಿ ಎಂಟೂವರೆ ಆಗಿರುತ್ತದೆ, ಹಿಂದಿನ ಸಾಲಿನವರು ಕೊನೆ ಬಸ್ಸಿಗೆ ಎದ್ದಿರುತ್ತಾರೆ. ಪ್ರಶ್ನೆ ಕೇಳಲು ಸಮಯವೇ ಉಳಿಯುವುದಿಲ್ಲ.

ಈ ಬರಹ ಬೇರೆ ಥರದ ಸಂಜೆ ನಡೆಸಬೇಕು ಅನ್ನುವವರಿಗೆ. ನಾಲ್ಕೈದು ಗೆಳೆಯರು, ಒಂದು ಓದುಗ ಬಳಗ, ಕಾಲೇಜಿನ ಅಧ್ಯಾಪಕರು, ಮಹಿಳಾ ಸಂಘ, ಯಾರಾದರೂ ಸರಿ. ನಾನು ಇಡೀ ಲೇಖನದಲ್ಲಿ ಒತ್ತಿ ಹೇಳುವುದು ಒಂದೇ ಮಾತು: ಸಂಜೆಯ ಅರ್ಧ ಹೊತ್ತು ಕೇಳುಗರಿಗೆ ಸೇರಿದ್ದು. ಉಳಿದ ಏರ್ಪಾಟನ್ನೆಲ್ಲ ಆ ಅರ್ಧ ಉಳಿಯುವ ಹಾಗೆ ಮಾಡಿಕೊಳ್ಳಬೇಕು.

ಮೊದಲು ಪ್ರಶ್ನೆ, ಆಮೇಲೆ ಭಾಷಣಕಾರರು

ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ನಡೆಯುತ್ತದೆ. "ಆ ಪ್ರೊಫೆಸರ್ ಚೆನ್ನಾಗಿ ಮಾತಾಡ್ತಾರೆ, ಕರೆಸೋಣ" ಅಂತ ಶುರು. ಬಂದವರು ತಮಗೆ ರೂಢಿಯಾದ ಮಾತನ್ನೇ ಆಡಿ ಹೋಗುತ್ತಾರೆ. ಅವರ ತಪ್ಪೇನಿಲ್ಲ, ನೀವು ಬೇರೇನನ್ನೂ ಕೇಳಿರಲಿಲ್ಲ ಅಲ್ವಾ?

ಪ್ರಶ್ನೆ ಊರಿನದಾಗಿರಬೇಕು, ಒಂದು ಸಾಲಿನಲ್ಲಿ ಹಿಡಿಸುವಂತಿರಬೇಕು. "ಬಾಲ್ಯವಿವಾಹ: ಒಂದು ಸಾಮಾಜಿಕ ಪಿಡುಗು" ಅಂತ ಇಟ್ಟರೆ ಶಾಲೆಯ ಪ್ರಬಂಧ ಸ್ಪರ್ಧೆ ನೆನಪಾಗುತ್ತದೆ. ಎಲ್ಲರೂ ಹೌದೌದು ಅಂತ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅದನ್ನೇ ಹೀಗೆ ಕೇಳಿ ನೋಡಿ: "ನಮ್ಮ ಹೋಬಳಿಯಲ್ಲಿ ಹತ್ತನೇ ತರಗತಿ ಪಾಸಾದ ಹುಡುಗಿಯರು ಪಿಯುಸಿಗೆ ಯಾಕೆ ಬರುತ್ತಿಲ್ಲ?" ಈಗ ಸಭೆಯಲ್ಲಿ ಕೂತ ಪ್ರತಿಯೊಬ್ಬರ ಬಳಿಯೂ ಹೇಳಲು ಏನೋ ಇದೆ. ಬಸ್ಸಿಲ್ಲ, ಹಾಸ್ಟೆಲ್ ಇಲ್ಲ, ದಾರಿಯಲ್ಲಿ ಹುಡುಗರ ಕಾಟ, ಮದುವೆಗೆ ಸೋದರಮಾವನ ಒತ್ತಾಯ. ಈ ಲೇಖನದುದ್ದಕ್ಕೂ ಇದೇ ಪ್ರಶ್ನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪ್ರಶ್ನೆ ಸಿಕ್ಕ ಮೇಲೆ ವಾರ ಹತ್ತು ದಿನ ಊರಿನೊಳಗೆ ವಿಚಾರಿಸಿ. ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ಬಸ್ ಕಂಡಕ್ಟರು. ಕಳೆದ ವರ್ಷ ಪಾಸಾದವರೆಷ್ಟು, ಕಾಲೇಜಿಗೆ ಸೇರಿದವರೆಷ್ಟು ಅನ್ನುವ ಲೆಕ್ಕ ಶಾಲೆ-ಕಾಲೇಜುಗಳಲ್ಲೇ ಇರುತ್ತದೆ. ಹೆಸರು ಬೇಡ, ಸಂಖ್ಯೆ ಸಾಕು. ಒಂದು ಪುಟದ ಟಿಪ್ಪಣಿ ಮಾಡಿಟ್ಟುಕೊಳ್ಳಿ. ಬರುವ ವಿದ್ವಾಂಸರಿಗೆ ನೀವು ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಆ ಪುಟವೇ.

ಯಾರನ್ನು ಕರೆಯುವುದು

ಬೆಂಗಳೂರಿನಿಂದಲೇ ಬರಬೇಕು ಅಂತೇನಿಲ್ಲ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆ. ಅಲ್ಲಿ ನಿಮ್ಮ ಜಿಲ್ಲೆಯ ಮೇಲೇ ಪಿಎಚ್‌ಡಿ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿ ಇರಬಹುದು. ಹೆಸರಾಂತ ಪ್ರೊಫೆಸರಿಗಿಂತ ಹಳ್ಳಿ ಹಳ್ಳಿ ಸುತ್ತಿ ಮಾಹಿತಿ ತಂದ ಆ ಹುಡುಗಿಯ ಮಾತು ಎಷ್ಟೋ ಸಲ ಹೆಚ್ಚು ನಾಟುತ್ತದೆ. ನನ್ನ ಓಟು ಅವಳಿಗೇ.

ಪಂಡಿತರು ಪೇಟೆ ಬಿಟ್ಟು ಹಳ್ಳಿಗೆ ಹೋಗಿ ಮಾತಾಡುವುದು ನಮ್ಮಲ್ಲಿ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸದ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಮಾತುಗಳು ಆಮೇಲೆ ಅಗ್ಗದ ಪುಟ್ಟ ಪುಸ್ತಕಗಳಾಗಿ ಬರುತ್ತಿದ್ದವು. ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಊರೂರಲ್ಲಿ ಮಾತಾಡಿದ್ದಷ್ಟೇ ಅಲ್ಲ, 87ರ ವಯಸ್ಸಿನಲ್ಲಿ, 1989ರಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೇ ನಿಂತರು. ಗೆಲ್ಲಲಿಲ್ಲ, ಅದು ಬೇರೆ ಮಾತು.

ಇನ್ನು ಕಲಾವಿದರು. ಇಲ್ಲಿ ಒಂದು ಕೆಟ್ಟ ರೂಢಿ ಇದೆ. ಭಾಷಣಗಳ ನಡುವೆ ಜನ ಏಳದಿರಲಿ ಅಂತ ಒಂದು ಹಾಡು, ಗಣ್ಯರು ತಡವಾದರೆ ಇನ್ನೊಂದು. ಕಲಾವಿದರನ್ನು ಹೀಗೆ ತೂತು ಮುಚ್ಚಲು ಬಳಸುವುದಾದರೆ ದಯವಿಟ್ಟು ಕರೆಯಬೇಡಿ. ವಿದ್ವಾಂಸರು ಹೇಳಲಾಗದ್ದನ್ನು ಹೇಳುವುದಕ್ಕೆ ಅವರು ಬೇಕು.

ನಮ್ಮ ಉದಾಹರಣೆಯನ್ನೇ ನೋಡಿ. ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ-ನಾಗೇಶಿ ಅನ್ನುವ ಜಿದ್ದಿನ ಹಾಡಿಕೆ ಇದೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ತಿರುಗಿ ಹಾಡುತ್ತಾರೆ. ಸವಾಲು, ಜವಾಬು, ಮತ್ತೆ ಸವಾಲು. ಹುಡುಗಿ ಓದಬೇಕೋ ಬೇಡವೋ ಅನ್ನುವ ಚರ್ಚೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ಎಲ್ಲಿದೆ? ಕರಾವಳಿ, ಮಲೆನಾಡಿನವರಿಗೆ ತಾಳಮದ್ದಳೆ ಇದೆ. ಯಕ್ಷಗಾನದ್ದೇ ರೂಪ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾಡುವ ವಾದ. ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಊರಿಗೆ ಊರೇ ಕೂತು ವಾದ ಕೇಳುವ ಅಭ್ಯಾಸ ಅಲ್ಲಿ ಈಗಾಗಲೇ ಇದೆ. ಬಯಲುಸೀಮೆಯಲ್ಲಿ ತತ್ವಪದ, ತೊಗಲುಗೊಂಬೆ, ಬೀದಿ ನಾಟಕ. 1970ರ ದಶಕದಲ್ಲಿ ಹುಟ್ಟಿದ "ಸಮುದಾಯ" ಅನ್ನುವ ನಾಟಕ ತಂಡ ಜಾಥಾಗಳಲ್ಲಿ ಬೀದಿ ನಾಟಕವನ್ನು ಊರೂರಿಗೆ ಒಯ್ದಿದ್ದು ಹಳಬರಿಗೆ ನೆನಪಿರುತ್ತದೆ.

ಕೆಲವು ಕಲಾವಿದರ ಬದುಕೇ ವಿಷಯ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ, ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಹತ್ತು ಲೇಖನ ಓದಿಯೂ ಬಗ್ಗದವರು ಅವರ ಕಲೆಯನ್ನು ನೋಡಿ, ಅವರ ಮಾತು ಕೇಳಿ ಸುಮ್ಮನಾಗಿರುವುದುಂಟು. ಆದರೆ ಇಲ್ಲೊಂದು ಎಚ್ಚರಿಕೆ. ನೋವು ಅನುಭವಿಸಿದವರೆಲ್ಲ ವೇದಿಕೆಗೆ ಬಂದು ಅದನ್ನು ಹೇಳಲೇಬೇಕು ಅಂತಿಲ್ಲ. ಬಾಲ್ಯವಿವಾಹದಿಂದ ಪಾರಾದ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸಿ "ನಿನ್ನ ಕಥೆ ಹೇಳಮ್ಮ" ಅನ್ನುವುದು ಕ್ರೌರ್ಯ. 18 ದಾಟದ ಇಂಥ ಮಕ್ಕಳ ಹೆಸರು, ಫೋಟೊ, ಶಾಲೆಯ ವಿವರವನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆ ಹಾಕಿದೆ. ಅಂಥ ಕಥೆಯನ್ನು ಹಾಡಿಗೆ, ನಾಟಕಕ್ಕೆ ಬಿಡಿ. ಹೆಸರಿಲ್ಲದೆ ಹೇಳುವ ದಾರಿ ಅವಕ್ಕೆ ಗೊತ್ತು.

ಕರೆಯುವ ರೀತಿ, ಕೊಡುವ ದುಡ್ಡು

ಫೋನಿನಲ್ಲಿ ಒಪ್ಪಿಗೆ ಸಿಕ್ಕ ಮೇಲೂ ಒಂದು ಪತ್ರ ಕಳಿಸಿ. ಪ್ರಶ್ನೆ ಏನು, ಎಷ್ಟು ನಿಮಿಷ, ಕೇಳುವವರು ಯಾರು, ಜೊತೆಗೆ ಯಾರಿರುತ್ತಾರೆ, ರೆಕಾರ್ಡಿಂಗ್ ಮಾಡುತ್ತೀರಾ, ಎಷ್ಟು ಕೊಡುತ್ತೀರಿ. ಊರಿನ ಆ ಒಂದು ಪುಟದ ಟಿಪ್ಪಣಿಯನ್ನೂ ಇದರ ಜೊತೆಗೇ ಇಡಿ.

ದುಡ್ಡಿನ ಮಾತನ್ನು ನಾಚಿಕೆಯಿಲ್ಲದೆ ಮೊದಲೇ ಆಡಿ. ಪ್ರಾಧ್ಯಾಪಕರಿಗೆ ತಿಂಗಳ ಸಂಬಳ ಬರುತ್ತದೆ. ಲಾವಣಿ ಮೇಳದವರಿಗೆ ಆ ದಿನದ ಕೂಲಿಯೇ ಸಂಬಳ. ಹೀಗಿದ್ದೂ ಪ್ರಾಧ್ಯಾಪಕರಿಗೆ ಲಕೋಟೆ, ಮೇಳದವರಿಗೆ ಶಾಲು ಅನ್ನುವುದು ಎಷ್ಟೋ ಕಡೆ ನಡೆದುಕೊಂಡು ಬಂದಿದೆ. ನಿಮ್ಮ ಬಳಿ ಇರುವುದೇ ಕಮ್ಮಿ ಅಂದರೆ ಮೊದಲು ಕಲಾವಿದರಿಗೆ ಕೊಡಿ, ವಿದ್ವಾಂಸರಿಗೆ ಪ್ರಯಾಣದ ಖರ್ಚು ಕೊಡಿ, ಇಬ್ಬರಿಗೂ ಅದನ್ನು ಮುಂಚೆಯೇ ತಿಳಿಸಿ. ಮೇಳದಲ್ಲಿ ನಾಲ್ಕು ಜನ ಇದ್ದರೆ ನಾಲ್ವರ ಊಟ, ಬಸ್ ಚಾರ್ಜು, ರಾತ್ರಿ ತಂಗುವ ಜಾಗ ನಿಮ್ಮ ಜವಾಬ್ದಾರಿ.

ವಿದ್ವಾಂಸರೂ ಕಲಾವಿದರೂ ಮೊದಲ ಸಲ ಭೇಟಿಯಾಗುವುದು ವೇದಿಕೆ ಮೇಲೆ ಆಗಬಾರದು. ಮೂರು ನಾಲ್ಕು ದಿನ ಮುಂಚೆ ಇಬ್ಬರನ್ನೂ ಒಂದು ಫೋನ್ ಕಾಲಿನಲ್ಲಿ ಸೇರಿಸಿ. ಒಬ್ಬರು ಏನು ಹೇಳುತ್ತಾರೆ ಅನ್ನುವುದು ಇನ್ನೊಬ್ಬರಿಗೆ ಗೊತ್ತಿದ್ದರೆ ಸಂಜೆ ಎರಡು ತುಂಡಾಗುವುದಿಲ್ಲ.

ದಿನ, ಜಾಗ, ಅನುಮತಿ

ಸಂತೆಯ ದಿನ ಬೇಡ, ಜಾತ್ರೆಯ ವಾರ ಬೇಡ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಮಯ ಬೇಡವೇ ಬೇಡ. ಬಿತ್ತನೆ, ಸುಗ್ಗಿ ನೋಡಿಕೊಳ್ಳಿ. ಭಾರತದ ಕ್ರಿಕೆಟ್ ಮ್ಯಾಚ್ ಇದೆಯಾ ಅಂತಲೂ ನೋಡಿ, ತಮಾಷೆಗೆ ಹೇಳುತ್ತಿಲ್ಲ. ಹೆಂಗಸರು ಬರಬೇಕು ಅಂದರೆ ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಐದೂವರೆಗೆ ಮುಗಿಸಿ. ಸಂಜೆ ಆರಕ್ಕೆ ಇಟ್ಟು "ಹೆಣ್ಣುಮಕ್ಕಳು ಬರಲೇ ಇಲ್ಲ" ಅಂತ ಗೊಣಗುವುದರಲ್ಲಿ ಅರ್ಥವಿಲ್ಲ. ಕೊನೆ ಬಸ್ಸಿನ ವೇಳೆ ಕೇಳಿಕೊಂಡು ಅದಕ್ಕಿಂತ ಅರ್ಧ ಗಂಟೆ ಮುಂಚೆ ಸಭೆ ಮುಗಿಯುವಂತೆ ಲೆಕ್ಕ ಹಾಕಿ.

ಒಂದೇ ಸಭೆ ಸಾಕೋ, ಸರಣಿ ಮಾಡುತ್ತೀರೋ ಅನ್ನುವುದನ್ನೂ ಯೋಚಿಸಿ. ಬೆಂಗಳೂರು ವಿಜ್ಞಾನ ವೇದಿಕೆಯನ್ನು ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಸಂಜೆ ಅಂದರೆ ಉಪನ್ಯಾಸ ಅಂತಲೇ ರೂಢಿಯಾಯಿತು. ಅದೇ ಬಸವನಗುಡಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ದಿನ ಗಟ್ಟಿಯಾದರೆ ಜನಕ್ಕೆ ಆಮಂತ್ರಣವೇ ಬೇಕಾಗುವುದಿಲ್ಲ. ತಿಂಗಳ ಎರಡನೇ ಶನಿವಾರ ಅಂತ ಇಟ್ಟುಕೊಂಡರೂ ಸಾಕು, ಆದರೆ ತಪ್ಪಿಸಬೇಡಿ.

ಜಾಗದ ವಿಷಯದಲ್ಲಿ ನನ್ನದು ಒಂದೇ ಪ್ರಶ್ನೆ: ಈ ಕಟ್ಟಡದ ಒಳಗೆ ಬರಲು ಯಾರಿಗಾದರೂ ಹಿಂಜರಿಕೆ ಆಗುತ್ತದಾ? ದೇವಸ್ಥಾನದ ಸಭಾಂಗಣ, ಒಂದು ಜಾತಿಯ ಸಮುದಾಯ ಭವನ ಪುಕ್ಕಟೆ ಸಿಗಬಹುದು. ಆದರೆ ಆ ಹೊಸಿಲು ದಾಟಲು ಮನಸ್ಸಾಗದವರು ಊರಲ್ಲಿ ಇದ್ದೇ ಇರುತ್ತಾರೆ. ಸರ್ಕಾರಿ ಶಾಲೆಯ ಅಂಗಳ, ಗ್ರಂಥಾಲಯ, ಪಂಚಾಯಿತಿ ಸಭಾಂಗಣ ವಾಸಿ. ಗಾಲಿ ಕುರ್ಚಿ ಬರುವಷ್ಟು ಇಳಿಜಾರು ಇದೆಯಾ, ಹೆಂಗಸರಿಗೆ ಶೌಚಾಲಯ ಇದೆಯಾ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಿಕೊಳ್ಳಿ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಪೊಲೀಸ್ ಠಾಣೆಗೆ ಎರಡು ಪ್ರತಿ ಅರ್ಜಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿ ತಂದು ಇಟ್ಟುಕೊಳ್ಳಿ. ಚುನಾವಣಾ ನೀತಿ ಸಂಹಿತೆ ಇದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಗುಂಪು ಸೇರದಂತೆ ಹೊರಡಿಸುವ ನಿರ್ಬಂಧದ ಆದೇಶವನ್ನು ಜನ ಇನ್ನೂ 144 ಅನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್.

ವೇದಿಕೆ ಅನ್ನುವ ರೋಗ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಒಳ್ಳೊಳ್ಳೆಯ ಸಭೆಗಳು ಹಾಳಾಗುವುದು ಇಲ್ಲೇ.

ಪ್ರಾರ್ಥನೆ, ನಾಡಗೀತೆ, ಸ್ವಾಗತ, ಹಾರ, ದೀಪ, ಉದ್ಘಾಟನಾ ನುಡಿ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ನುಡಿ, ಗೌರವ ಉಪಸ್ಥಿತಿಯವರ ಎರಡು ಮಾತು, ಸನ್ಮಾನ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಗಡಿಯಾರ ಹಿಡಿದು ಕೂತರೆ ಇದಕ್ಕೇ ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ. "ಎರಡು ಮಾತು" ಅಂದವರು ಎರಡೇ ಮಾತು ಆಡಿದ್ದನ್ನು ನಾನಂತೂ ನೋಡಿಲ್ಲ.

ಕತ್ತರಿಸುವುದು ಹೇಗೆ? ವೇದಿಕೆ ಮೇಲೆ ಮೂರೇ ಕುರ್ಚಿ ಹಾಕಿ. ಒಂದು ವಿದ್ವಾಂಸರಿಗೆ, ಒಂದು ಕಲಾವಿದರಿಗೆ, ಒಂದು ಸಭೆ ನಡೆಸುವವರಿಗೆ. ನಾಲ್ಕನೆಯ ಕುರ್ಚಿ ಇಲ್ಲದಿದ್ದರೆ "ಮೇಲೆ ಬನ್ನಿ ಸಾರ್" ಅನ್ನುವ ಪ್ರಸಂಗವೇ ಬರುವುದಿಲ್ಲ. ಸ್ವಾಗತ, ಪ್ರಾಸ್ತಾವಿಕ, ಪರಿಚಯ ಮೂರನ್ನೂ ಒಬ್ಬರೇ ಐದು ನಿಮಿಷದಲ್ಲಿ ಮುಗಿಸಲಿ. ಪರಿಚಯ ಅಂದರೆ ಪದವಿ, ಪ್ರಶಸ್ತಿಗಳ ಪಟ್ಟಿ ಓದುವುದಲ್ಲ. ಈ ಪ್ರಶ್ನೆಗೂ ಇವರಿಗೂ ಏನು ಸಂಬಂಧ ಅನ್ನುವುದನ್ನು ಹೇಳಿದರೆ ಸಾಕು. ಹಾರದ ಬದಲು ಒಂದು ಪುಸ್ತಕ. ಸನ್ಮಾನವನ್ನು ಇನ್ನೊಂದು ದಿನ ಇಟ್ಟುಕೊಳ್ಳಿ.

ಶಾಸಕರೋ ಪಂಚಾಯಿತಿ ಅಧ್ಯಕ್ಷರೋ ಬರುತ್ತೇನೆ ಅಂದರೆ ಬೇಡ ಅನ್ನಲಾಗದು. ಬರಲಿ, ಮುಂದಿನ ಸಾಲಿನಲ್ಲಿ ಕೂರಲಿ. ಅವರಿಗೆ ಮೊದಲೇ ಹೇಳಿ: "ಸಾರ್, ನಿಮಗೆ ಕೊನೆಗೆ ಮೈಕು ಕೊಡುತ್ತೇವೆ, ಜನರ ಪ್ರಶ್ನೆ ಕೇಳಿದ ಮೇಲೆ ಉತ್ತರ ಹೇಳಿ." ಕೊನೆವರೆಗೂ ಕೂತರೆ ನಿಮಗೆ ಲಾಭ. ಎದ್ದು ಹೋದರೆ ಸಮಯವಾದರೂ ಉಳಿಯಿತು.

ಆ ಎರಡೂವರೆ ಗಂಟೆ

ಮೂರಕ್ಕೆ ಅಂತ ಹಾಕಿದ್ದರೆ ಮೂರಕ್ಕೇ ಶುರು ಮಾಡಿ, ಹತ್ತು ಜನ ಇದ್ದರೂ ಸರಿ. ಭಾಷಣದಿಂದ ಅಲ್ಲ, ಹಾಡಿನಿಂದ. ಮೇಳದವರ ಡಪ್ಪು, ತುಂತುಣಿ ಕೇಳಿದರೆ ಚಹಾ ಅಂಗಡಿಯಲ್ಲಿ ಕೂತವರೂ ಎದ್ದು ಬರುತ್ತಾರೆ. ಅರ್ಧ ಗಂಟೆ ಹರದೇಶಿ-ನಾಗೇಶಿ ಆಗಲಿ, ಆದರೆ ಗೆದ್ದವರ್ಯಾರು ಅಂತ ತೀರ್ಮಾನ ಬೇಡ. ಸವಾಲು ಅಲ್ಲಿಗೇ ನಿಲ್ಲಲಿ. ಅದನ್ನು ಹಿಡಿದುಕೊಂಡು ವಿದ್ವಾಂಸರು ಮೂವತ್ತರಿಂದ ಮೂವತ್ತೈದು ನಿಮಿಷ ಮಾತಾಡಲಿ. ಊರಿನ ಸಂಖ್ಯೆಗಳು ಇಲ್ಲಿ ಬರಬೇಕು. ಕಾನೂನೂ ಬರಬೇಕು. ಹುಡುಗಿಗೆ 18, ಹುಡುಗನಿಗೆ 21 ಆಗದ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದೆ ಅಂತ ಬಹಳ ಜನಕ್ಕೆ ಗೊತ್ತು. ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಮದುವೆ ಮೊದಲಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ, ಅಂತ ಮಾಡಿದ್ದು ಅಷ್ಟಾಗಿ ಗೊತ್ತಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಉಳಿದ ಸಮಯವೆಲ್ಲ ಸಭೆಗೆ.

ಇಲ್ಲಿ ಕಲೆ ಮೊದಲು ಬಂತು. ತಿರುಗಿಸಿಯೂ ಮಾಡಬಹುದು. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 2019ರಲ್ಲಿ ನಡೆಸಿದ "ಮತ್ತೆ ಕಲ್ಯಾಣ"ದಲ್ಲಿ ಮೊದಲು ವಿದ್ಯಾರ್ಥಿಗಳ ಜೊತೆ ಸಂವಾದ, ಸಂಜೆ ಉಪನ್ಯಾಸ, ಕೊನೆಗೆ ನಾಟಕ ಇರುತ್ತಿತ್ತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿ ಮರುದಿನ ಬೆಳಿಗ್ಗೆ ಕೂತು ಅದರ ಬಗ್ಗೆ ಚರ್ಚಿಸುವ ಕ್ರಮ ಇದೆ. ನೋಡಿದ್ದು ಒಂದು ರಾತ್ರಿ ಒಳಗೆ ಕೂತಿದ್ದರೆ ಬೆಳಗಿನ ಮಾತಿಗೆ ತೂಕ ಬರುತ್ತದೆ. ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಲು ಆಗುವವರು ಇದನ್ನೇ ಮಾಡಿ.

ಪ್ರಶ್ನೆಗಳನ್ನು ನಡೆಸುವುದು

ಸಭೆ ನಡೆಸುವವರನ್ನು ಹುಷಾರಾಗಿ ಆರಿಸಿ. ಒಳ್ಳೆಯ ಕಂಠ ಇರುವ ನಿರೂಪಕರು ಬೇಡ, ಮಾತನ್ನು ನಯವಾಗಿ ಕತ್ತರಿಸಬಲ್ಲವರು ಬೇಕು. ಕವನದ ಸಾಲು ಹೇಳಿ ಹೇಳಿ ಸಮಯ ತಿನ್ನುವ ನಿರೂಪಣೆಯಿಂದ ದೇವರೇ ಕಾಪಾಡಬೇಕು.

"ಯಾರಿಗಾದರೂ ಪ್ರಶ್ನೆ ಇದೆಯಾ?" ಅಂತ ಕೇಳಿದರೆ ಮೊದಲು ಏಳುವುದು ಯಾವಾಗಲೂ ಅದೇ ನಾಲ್ಕು ಜನ. ನಿವೃತ್ತರು, ಸ್ಥಳೀಯ ಮುಖಂಡರು, ಮೊನ್ನೆ ಪುಸ್ತಕ ಪ್ರಕಟಿಸಿದವರು. ಅವರು ಪ್ರಶ್ನೆ ಕೇಳುವುದಿಲ್ಲ, ಇನ್ನೊಂದು ಉಪನ್ಯಾಸ ಮಾಡುತ್ತಾರೆ. ಹಾಗಾಗಿ ಮಾತು ಮುಗಿದ ಕೂಡಲೇ ಐದು ನಿಮಿಷ ಬಿಡುವು ಕೊಟ್ಟು, "ಪಕ್ಕದವರ ಜೊತೆ ಮಾತಾಡಿ, ಒಂದು ಚೀಟಿ ಬರೆದು ಕೊಡಿ" ಅನ್ನಿ. ಬರೆಯಲು ಬಾರದವರ ಮಾತನ್ನು ಸ್ವಯಂಸೇವಕರು ಬರೆದುಕೊಳ್ಳಲಿ. ಹೆಸರು ಬೇಕಿಲ್ಲದ್ದರಿಂದ ಜನ ನಿಜ ಬರೆಯುತ್ತಾರೆ. "ಮದುವೆ ಮಾಡದಿದ್ದರೆ ಮಗಳು ಓಡಿ ಹೋಗುತ್ತಾಳೆ ಅಂತ ಭಯ, ಏನು ಮಾಡಲಿ?" ಅನ್ನುವ ಪ್ರಶ್ನೆಯನ್ನು ಯಾವ ಅಪ್ಪನೂ ಎದ್ದು ನಿಂತು ಕೇಳಲಾರ. ಚೀಟಿಯಲ್ಲಿ ಕೇಳುತ್ತಾನೆ.

ಬಾಯಿಮಾತಿನ ಪ್ರಶ್ನೆಗಳಲ್ಲಿ ಮೊದಲ ಮೂರು ಹೆಂಗಸರಿಗೆ ಅಥವಾ ವಿದ್ಯಾರ್ಥಿಗಳಿಗೆ ಅಂತ ಶುರುವಿನಲ್ಲೇ ಹೇಳಿಬಿಡಿ. ಮೈಕನ್ನು ಕೈಗೆ ಕೊಡಬೇಡಿ, ಸ್ವಯಂಸೇವಕರು ಹಿಡಿದುಕೊಂಡೇ ಇರಲಿ. ಇದೊಂದು ಉಪಾಯದಿಂದ ಎಷ್ಟೋ ಭಾಷಣ ತಪ್ಪುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಲು ವಿದ್ವಾಂಸರಿಗೆ ಮೊದಲೇ ಧೈರ್ಯ ಕೊಟ್ಟಿರಿ. ಕಲಾವಿದರಿಗೂ ಪ್ರಶ್ನೆ ಹೋಗಲಿ. ಮೂವತ್ತು ವರ್ಷ ನಾಗೇಶಿ ಹಾಡಿದ ಹೆಣ್ಣುಮಗಳಿಗೆ ಈ ವಿಷಯದಲ್ಲಿ ಪಿಎಚ್‌ಡಿಗಿಂತ ಕಮ್ಮಿ ಗೊತ್ತಿರುವುದಿಲ್ಲ.

ಗಲಾಟೆ ಆದರೆ? ಜಾತಿ, ಧರ್ಮ, ಮೂಢನಂಬಿಕೆಯ ವಿಷಯ ಬಂದಾಗ ಆಗಬಹುದು. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ದೊಡ್ಡ ವಿರೋಧ ಎದುರಿಸಿದರು. ಉಪನ್ಯಾಸವನ್ನಂತೂ ಬಿಡಲಿಲ್ಲ. ವಿರೋಧ ಇರುವವರನ್ನು ಮುಂಚೆಯೇ ಹೋಗಿ ಮಾತಾಡಿಸಿ, ಸಭೆಗೆ ಕರೆಯಿರಿ. ಅವರಿಗೂ ಎರಡು ನಿಮಿಷ, ಎಲ್ಲರಿಗೂ ಎರಡು ನಿಮಿಷ. ಬೆದರಿಕೆಯ ಮಾತು ಕಿವಿಗೆ ಬಿದ್ದರೆ ಠಾಣೆಗೆ ಬರೆದು ಕೊಡಿ, ಅತಿಥಿಗಳಿಗೂ ಮುಚ್ಚಿಡದೆ ಹೇಳಿ. ಬರುವುದೋ ಬಿಡುವುದೋ ಅವರ ನಿರ್ಧಾರ.

ಸಭೆ ಮುಗಿದ ಮೇಲೆ

ಪೂರ್ತಿ ರೆಕಾರ್ಡಿಂಗ್ ಇಟ್ಟುಕೊಳ್ಳಿ, ಲಿಖಿತ ಒಪ್ಪಿಗೆ ತೆಗೆದುಕೊಂಡು. ಇಪ್ಪತ್ತು ಸೆಕೆಂಡಿನ ತುಂಡು ವಾಟ್ಸಾಪಿನಲ್ಲಿ ಓಡಾಡಿ ಭಾಷಣಕಾರರ ಮೇಲೆ ಜನ ಮುಗಿಬಿದ್ದರೆ ಕಾಪಾಡುವುದು ಈ ಪೂರ್ತಿ ಪ್ರತಿಯೇ. ಯೂಟ್ಯೂಬಿಗೆ ಹಾಕುವಾಗ ಪ್ರಶ್ನೆ ಕೇಳಿದ ಹುಡುಗಿಯರ ಮುಖ ಕಾಣದಂತೆ ನೋಡಿಕೊಳ್ಳಿ. ಹಾಡಿಕೆಯ ಹಕ್ಕು ಮೇಳದವರದು. ಅವರು ಬೇಡ ಅಂದರೆ ಹಾಕಬೇಡಿ.

ಚೀಟಿಗಳನ್ನು ಎಸೆಯಬೇಡಿ. ಆ ವಾರದಲ್ಲೇ ಕೂತು ವಿಂಗಡಿಸಿ. ಹತ್ತು ಚೀಟಿಯಲ್ಲಿ ಬಸ್ಸಿನ ಮಾತು ಇದ್ದರೆ ಅದು ಸಾರಿಗೆ ಡಿಪೋಗೆ ಹೋಗಬೇಕಾದ ಅರ್ಜಿ. ಹಾಸ್ಟೆಲ್ ಮಾತಿದ್ದರೆ ಸಮಾಜ ಕಲ್ಯಾಣ ಇಲಾಖೆಗೆ, ಹಿಂದುಳಿದ ವರ್ಗಗಳ ಇಲಾಖೆಗೆ. ನಿಶ್ಚಯವಾದ ಮದುವೆಯ ಸುಳಿವು ಇದ್ದರೆ ವಾರ ಕಾಯಬೇಡಿ, ಅದೇ ದಿನ 1098ಕ್ಕೆ ಅಥವಾ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ತಿಳಿಸಿ. ಸಭೆಗೆ ಬಂದವರಲ್ಲಿ ಐದಾರು ಜನರನ್ನು ಸೇರಿಸಿಕೊಂಡು ಅರ್ಜಿ ಕೊಟ್ಟು ಬನ್ನಿ, ಸ್ವೀಕೃತಿ ಪಡೆಯಿರಿ. ಅರ್ಜಿ ಏನಾಯಿತು ಅನ್ನುವುದೇ ಮುಂದಿನ ಸಭೆಯ ಮೊದಲ ಐದು ನಿಮಿಷ.

ಖರ್ಚಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗ್ರಂಥಾಲಯದ ಬೋರ್ಡಿಗೆ ಹಚ್ಚಿ. ಶಾಮಿಯಾನ, ಮೈಕು, ಮೇಳದ ಸಂಭಾವನೆ, ಪ್ರಯಾಣ, ಚಹಾ, ಚಂದಾ ಕೊಟ್ಟವರ ಹೆಸರು. ಅತಿಥಿಗಳಿಗೆ ದುಡ್ಡು ಬಾಕಿ ಉಳಿದಿದ್ದರೆ ಲೆಕ್ಕ ಹಚ್ಚುವ ಮುಂಚೆ ಕಳಿಸಿ. ಜೊತೆಗೆ ಸಭೆಯಲ್ಲಿ ಉತ್ತರ ಸಿಗದೆ ಉಳಿದ ಚೀಟಿಗಳ ಒಂದು ಪ್ರತಿಯನ್ನೂ ವಿದ್ವಾಂಸರಿಗೆ ಕಳಿಸಿ, ಮೇಳದವರಿಗೆ ಫೋನ್ ಮಾಡಿ ಓದಿ ಹೇಳಿ. ಅವರ ಮುಂದಿನ ಸವಾಲು-ಜವಾಬಿಗೆ ಅದರಲ್ಲಿ ಒಂದೆರಡು ಸಾಲು ಸಿಕ್ಕರೂ ಸಿಗಬಹುದು.